ಮೂರು ಏರಿಯಾದಲ್ಲಿ ಯಾವುದನ್ನ ಆರಿಸ್ಕೊಳ್ಳೋದು?

ಮನೆ ತಗೊಳ್ಳೋಕೆ ನೋಡಿರೋ ಮೂರೂ ಏರಿಯಾ ಒಂದೇ ಥರ ಕಾಣ್ತಿದೆ, ಯಾವುದು ಅಂತ ತೀರ್ಮಾನ ಮಾಡೋಕೆ ಆಗ್ತಿಲ್ಲ ಅಂದ್ರಲ್ಲ, ನೀವು ಮೂರನ್ನೂ ಭಾನುವಾರ ಮಧ್ಯಾಹ್ನ ನೋಡಿರೋದಕ್ಕೇ ಹಾಗಾಗಿದೆ ಅನ್ಸುತ್ತೆ, ಆ ಹೊತ್ತಲ್ಲಿ ಎಲ್ಲಾ ಕಡೆನೂ ಶಾಂತವಾಗೇ ಇರುತ್ತೆ. ಮೊದ್ಲು ಮ್ಯಾಪಲ್ಲಿ ಆಫೀಸ್ ದಾರಿ ಹಾಕಿ, ಹೊರಡೋ ಟೈಮನ್ನ ಸೋಮವಾರ ಬೆಳಿಗ್ಗೆ 8:30ಕ್ಕೆ ಸೆಟ್ ಮಾಡಿ ನೋಡಿ, ಒಂದು ಏರಿಯಾ ಅಲ್ಲೇ ಲಿಸ್ಟಿಂದ ಬಿಟ್ಟೋಗಬಹುದು. ಉಳಿದಿದ್ದಕ್ಕೆ ರಾತ್ರಿ 9ರ ಮೇಲೆ ಹೋಗಿ ಬಸ್ ಸ್ಟಾಪಿಂದ ಮನೆ ಬಾಗಿಲವರೆಗೂ ನಡೀರಿ, ಕಾರಲ್ಲಿ ಖಂಡಿತ ಬೇಡ, ಬೀದಿ ದೀಪ ಎಲ್ಲಿ ನಿಂತೋಗುತ್ತೆ, ಫುಟ್‌ಪಾತ್ ಎಲ್ಲಿ ಮುಗಿಯುತ್ತೆ ಅನ್ನೋದು ನಡೆದ್ರೇನೇ ಗೊತ್ತಾಗೋದು. ಜೋರು ಮಳೆ ಬಂದ ಮಾರನೇ ದಿನ ಇನ್ನೊಂದ್ಸಲ ಹೋಗಿ, ಕಾಂಪೌಂಡ್ ಗೋಡೆ ಬುಡದಲ್ಲಿ ಕೆಸರಿನ ಗೆರೆ ಕಂಡ್ರೆ ಅಲ್ಲಿ ನೀರು ನಿಲ್ಲೋ ಸಾಧ್ಯತೆ ಜಾಸ್ತಿ. ನೀರು, ಕರೆಂಟ್ ವಿಷ್ಯ ಬ್ರೋಕರನ್ನಲ್ಲ, ಪಕ್ಕದ್ಮನೆಯವ್ರನ್ನ ಕೇಳಿ. ಆಮೇಲೂ ಡೌಟ್ ಇದ್ರೆ ಚಿಕ್ಕ ಅವಧಿಗೆ ಬಾಡಿಗೆಗಿರಿ, ಖರೀದಿ ಆಮೇಲೆ ನೋಡೋಣ.