ಓಡುವ ಮಗು, ಓಡಲು ಜಾಗವಿಲ್ಲದ ಮನೆ

ನಿಮ್ಮ ಎರಡು ವರ್ಷದ ಮಗ ಎರಡು ನಿಮಿಷವೂ ಒಂದೆಡೆ ಕೂರುವುದಿಲ್ಲ, ಊಟದ ತಟ್ಟೆ ಬಿಟ್ಟು ಓಡುತ್ತಾನೆ, ಸೋಫಾದ ಮೇಲಿಂದ ಹಾರುತ್ತಾನೆ ಎಂದು ಬರೆದಿದ್ದೀರಿ. ಇನ್‌ಸ್ಟಾಗ್ರಾಮ್ ತೆರೆದರೆ ಅದೇ ವಯಸ್ಸಿನ ಮಕ್ಕಳು ಮರದ ಆಟಿಕೆಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಾ ಕುಳಿತಿರುತ್ತಾರೆ, ತಾವಾಗಿಯೇ ಊಟ ಮಾಡುತ್ತಾರೆ, ಅವರ ತಾಯಂದಿರು ದನಿ ಏರಿಸುವುದೇ ಇಲ್ಲ. ಹಾಗಾದರೆ ದೋಷ ಇರುವುದು ಮಗುವಿನಲ್ಲೋ ನನ್ನಲ್ಲೋ ಎಂದು ಕೇಳಿದ್ದೀರಿ. ನೀವು ಬರೆದಿರುವಷ್ಟನ್ನು ನೋಡಿದರೆ ದೋಷ ಇಬ್ಬರಲ್ಲೂ ಕಾಣುವುದಿಲ್ಲ. ನಾನು ವೈದ್ಯಳಲ್ಲ. ಕಾರವಾರದಲ್ಲಿ ಬಾಡಿಗೆಯ ಮಹಡಿ ಮನೆಯಲ್ಲಿದ್ದುಕೊಂಡು ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಮೂರು ವರ್ಷ ತುಂಬಲಿರುವ ಮಗಳ ತಾಯಿ. ನನ್ನ ಮಗಳೂ ಎದ್ದ ಗಳಿಗೆಯಿಂದ ಮಲಗುವ ತನಕ ಓಡುವವಳೇ ಆದ್ದರಿಂದ ಈ ವಿಷಯವನ್ನು ಓದಿ, ವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನು ನಿಮಗೆ ವಿವರವಾಗಿ ಬರೆಯಬೇಕೆನಿಸಿತು.

ಮೊದಲು ಓಟದ ವಿಷಯ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾರೆನ್ ಅಡಾಲ್ಫ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 12ರಿಂದ 19 ತಿಂಗಳ ಮಕ್ಕಳು ತಮ್ಮಷ್ಟಕ್ಕೆ ಆಡಿಕೊಂಡಿರುವಾಗ ಗಂಟೆಗೆ ಸರಾಸರಿ 2,368 ಹೆಜ್ಜೆ ಇಡುತ್ತಾರೆ, 17 ಸಲ ಬೀಳುತ್ತಾರೆ. ಇದು ತುಂಟ ಮಕ್ಕಳನ್ನು ಮಾತ್ರ ಆರಿಸಿ ತೆಗೆದ ಲೆಕ್ಕವಲ್ಲ, ಸಾಮಾನ್ಯ ಮಕ್ಕಳ ಸಾಮಾನ್ಯ ಆಟದ ಲೆಕ್ಕ. ಐದು ವರ್ಷದೊಳಗಿನ ಮಕ್ಕಳಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಮಾರ್ಗಸೂಚಿಯೂ ಒಂದರಿಂದ ಎರಡು ವರ್ಷದ ಮಗು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು, ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಅದನ್ನು ಕುರ್ಚಿಗೋ ಗಾಡಿಗೋ ಕಟ್ಟಿ ಕೂರಿಸಬಾರದು ಎನ್ನುತ್ತದೆ. ಮೂರು ಗಂಟೆ ಎಂದರೆ ಎಷ್ಟು ಎಂಬುದನ್ನು ನಮ್ಮ ಮನೆಗಳ ಹಾಲ್‌ನಲ್ಲಿ ನಿಂತು ಯೋಚಿಸಿದರೆ ಗೊತ್ತಾಗುತ್ತದೆ. ಇನ್ನು ‘ಕೂರು’ ಎಂದರೆ ನಿಮ್ಮ ಮಗನಿಗೆ ಅರ್ಥವಾಗುತ್ತದೆ, ಆದರೆ ಅರ್ಥವಾದದ್ದಕ್ಕೆ ತಕ್ಕಂತೆ ಮೈಯನ್ನು ತಡೆದು ಹಿಡಿಯುವ ಶಕ್ತಿ ಮಿದುಳಿನ ಮುಂಭಾಗದ ಬೆಳವಣಿಗೆಯನ್ನು ಅವಲಂಬಿಸಿದೆ. ಎರಡರಿಂದ ಏಳು ವರ್ಷದ ನಡುವೆ ಅದು ಚೆನ್ನಾಗಿ ಬಲಿಯುತ್ತದೆ, ಆಮೇಲೂ ಯೌವನದವರೆಗೆ ಬೆಳೆಯುತ್ತಲೇ ಇರುತ್ತದೆ. ಆದ್ದರಿಂದ ಮಾತು ಕೇಳಿಸಿಕೊಂಡ ಮೇಲೂ ಅವನು ಓಡಿದರೆ ಅದನ್ನು ಹಟವೆಂದು ಕರೆಯುವುದು ಸರಿಯಲ್ಲ.

ಆದರೂ ಎಲ್ಲ ಮಕ್ಕಳೂ ಒಂದೇ ಅಳತೆಯಲ್ಲಿ ಓಡುವುದಿಲ್ಲ ಎಂಬುದು ನಿಜ. ನಿಮ್ಮ ಪ್ರಶ್ನೆಯ ತಿರುಳು ಇಲ್ಲೇ ಇದೆಯೆಂದು ನನಗೆ ತೋರುತ್ತದೆ. ನ್ಯೂಯಾರ್ಕಿನ ಮನೋವೈದ್ಯ ದಂಪತಿ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ 1956ರಲ್ಲಿ ಶುರುಮಾಡಿದ ಅಧ್ಯಯನವೊಂದರಲ್ಲಿ ನೂರಕ್ಕೂ ಹೆಚ್ಚು ಮಕ್ಕಳನ್ನು ಹಸುಗೂಸಿನಿಂದ ದೊಡ್ಡವರಾಗುವ ತನಕ ಗಮನಿಸುತ್ತಾ ಹೋದರು. ಮಕ್ಕಳ ಹುಟ್ಟುಗುಣದಲ್ಲಿ ಅವರು ಗುರುತಿಸಿದ ಒಂಬತ್ತು ಅಂಶಗಳಲ್ಲಿ ಒಂದು ಚಟುವಟಿಕೆಯ ಮಟ್ಟ. ಕೆಲವು ಮಕ್ಕಳು ತೊಟ್ಟಿಲಿನಲ್ಲಿರುವಾಗಲೇ ಕೈಕಾಲು ಬಡಿಯುವವರು, ಕೆಲವರು ಸುಮ್ಮನೆ ನೋಡುತ್ತಾ ಮಲಗುವವರು, ಮತ್ತು ಈ ವ್ಯತ್ಯಾಸವನ್ನು ತಾಯಿ ತಂದೆಯರು ಸಾಕಿದ ರೀತಿಯಿಂದ ಮಾತ್ರ ವಿವರಿಸಲಾಗದು ಎಂದು ಅವರು ಹೇಳಿದ ಕಾಲಕ್ಕೆ, ಮಗುವಿನ ಎಲ್ಲ ಗುಣಕ್ಕೂ ತಾಯಿಯನ್ನೇ ಹೊಣೆ ಮಾಡುವ ರೂಢಿ ಬಲವಾಗಿತ್ತು. ಅದಕ್ಕಿಂತ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅವರ ಇನ್ನೊಂದು ಮಾತು. ಮಗುವಿನ ಗುಣ ತನ್ನಷ್ಟಕ್ಕೆ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಆ ಗುಣಕ್ಕೂ ಅದು ಬೆಳೆಯುತ್ತಿರುವ ಮನೆಗೂ ಹೊಂದಿಕೆ ಇದೆಯೇ ಎಂಬುದನ್ನು ನೋಡಬೇಕು ಎಂದರು ಅವರು.

ಈ ಹೊಂದಿಕೆ ಎಂದರೇನು ಎಂಬುದನ್ನು ನಾನು ನನ್ನ ಮಗಳಲ್ಲೇ ನೋಡುತ್ತೇನೆ. ನನ್ನ ಗಂಡನ ಮನೆ ಶಿರಸಿಯ ಹತ್ತಿರದ ಹಳ್ಳಿಯಲ್ಲಿದೆ. ಅಲ್ಲಿ ಜಗುಲಿ, ಅದರಾಚೆ ದೊಡ್ಡ ಅಂಗಳ, ಪಕ್ಕಕ್ಕೆ ಕೊಟ್ಟಿಗೆ, ಕೆಳಗೆ ಅಡಿಕೆ ತೋಟ. ದೀಪಾವಳಿ ಕಳೆದು ಅಡಿಕೆ ಕೊಯ್ಲು ಶುರುವಾದರೆ ಮನೆಯವರೆಲ್ಲ ಒಂದಲ್ಲ ಒಂದು ಕೆಲಸಕ್ಕೆ ಅಂಗಳದಲ್ಲೇ ಇರುತ್ತಾರೆ. ಮಗಳು ಕೊಟ್ಟಿಗೆಯಿಂದ ಜಗುಲಿಗೆ, ಜಗುಲಿಯಿಂದ ಹುಲ್ಲಿನ ರಾಶಿಗೆ ಓಡುತ್ತಿದ್ದರೆ ಯಾರಾದರೊಬ್ಬರ ಕಣ್ಣು ಅವಳ ಮೇಲೆ ಇದ್ದೇ ಇರುತ್ತದೆ. ಆ ಮನೆಯಲ್ಲಿ ಅವಳನ್ನು ಯಾರೂ ವಿಪರೀತ ಮಗು ಎನ್ನುವುದಿಲ್ಲ, ‘ಚುರುಕು’ ಎನ್ನುತ್ತಾರೆ. ಅದೇ ಮಗಳು ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಬಂದ ಮೇಲೆ, ಎರಡು ಕೋಣೆಯ ಮಹಡಿ ಮನೆಯಲ್ಲಿ ಅದೇ ಓಟ ಓಡಿದರೆ ಕೆಳಮನೆಯ ಸೂರು ಗುಡುಗುತ್ತದೆ, ಅವರು ಮೇಲೆ ಬಂದು ದೂರುತ್ತಾರೆ, ಅಕ್ಕಪಕ್ಕದವರು ‘ಹೆಣ್ಣು ಮಗುವಾಗಿಯೂ ಇಷ್ಟೊಂದು ಓಡುತ್ತದಲ್ಲ, ಡಾಕ್ಟರಿಗೆ ತೋರಿಸಿದಿರಾ’ ಎಂದು ಕೇಳುತ್ತಾರೆ. ಘಟ್ಟದ ಮೇಲೆ ಇಲ್ಲದಿದ್ದ ರೋಗ ಘಟ್ಟದ ಕೆಳಗೆ ಮಗುವಿಗೆ ಬರುವುದು ಸಾಧ್ಯವಿಲ್ಲ. ಕಡಿಮೆಯಾದದ್ದು ಜಾಗ, ಅದಕ್ಕಿಂತಲೂ ಹೆಚ್ಚಾಗಿ, ಮಗುವನ್ನು ನೋಡಿಕೊಳ್ಳುವ ಕೈಗಳು. ನೀವು ಗಂಡನ ಕೆಲಸದ ಸಲುವಾಗಿ ಊರು ಬಿಟ್ಟು ಬಂದು ಹಗಲೆಲ್ಲ ಮಗನೊಂದಿಗೆ ಒಬ್ಬರೇ ಇರುತ್ತೀರಿ ಎಂದು ಪ್ರಶ್ನೆಯ ಕೊನೆಯಲ್ಲಿ ಒಂದು ಸಾಲಿನಲ್ಲಿ ಬರೆದಿದ್ದೀರಿ. ಆ ಸಾಲು ಪ್ರಶ್ನೆಯ ಮೊದಲಿಗೆ ಬರಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ನಾಲ್ಕಾರು ಜನ ಹಂಚಿಕೊಂಡು ಮಾಡುತ್ತಿದ್ದ ಕೆಲಸವನ್ನು ನೀವೊಬ್ಬರೇ ಮಾಡುತ್ತಿದ್ದೀರಿ.

ಈಗ ಆ ವಿಡಿಯೋಗಳನ್ನು ಈ ಕಣ್ಣಿನಿಂದ ನೋಡಿ. ಅವೆಲ್ಲ ಸುಳ್ಳೆಂದು ನಾನು ಹೇಳುವುದಿಲ್ಲ. ಸುಮ್ಮನೆ ಕುಳಿತು ಆಡುವ ಮಕ್ಕಳು ನಿಜವಾಗಿಯೂ ಇದ್ದಾರೆ, ನನ್ನ ನಾದಿನಿಯ ಮಗನೇ ಹಾಗಿದ್ದಾನೆ. ಆದರೆ ಮೂವತ್ತು ಸೆಕೆಂಡಿನ ಆ ತುಣುಕನ್ನು ಇಡೀ ದಿನದಿಂದ ಆರಿಸಿ ತೆಗೆದಿರುತ್ತಾರೆ, ಮಗು ಓಡಿ ದಣಿದ ಮೇಲಿನ ಹೊತ್ತನ್ನೋ ನಿದ್ದೆಯಿಂದ ಎದ್ದು ಪ್ರಸನ್ನವಾಗಿರುವ ಹೊತ್ತನ್ನೋ ಹಿಡಿದಿರುತ್ತಾರೆ. ಫೋನು ಹಿಡಿದವರು ಯಾರು, ಆ ಹೊತ್ತಿಗೆ ಒಲೆಯ ಮುಂದೆ ಯಾರಿದ್ದಾರೆ, ಪಾತ್ರೆ ಯಾರು ತೊಳೆಯುತ್ತಾರೆ ಎಂಬುದು ಅದರಲ್ಲಿ ಕಾಣುವುದಿಲ್ಲ. ಅಂತಹ ಒಂದು ವಿಡಿಯೋವನ್ನು ನೀವು ಕೊನೆಯ ತನಕ ನೋಡಿದರೆ ಅಂಥವೇ ಮತ್ತಷ್ಟು ನಿಮ್ಮ ಮುಂದೆ ಬರುತ್ತವೆ, ಏಕೆಂದರೆ ನೀವು ಹೆಚ್ಚು ಹೊತ್ತು ಏನನ್ನು ನೋಡುತ್ತೀರೋ ಅದನ್ನೇ ಇನ್ನಷ್ಟು ತೋರಿಸುವಂತೆ ಆ ವ್ಯವಸ್ಥೆ ಕೆಲಸ ಮಾಡುತ್ತದೆ. ಹೀಗೆ ನೂರಾರು ಮನೆಗಳ ಅತ್ಯುತ್ತಮ ಕ್ಷಣಗಳು ಒಟ್ಟಾಗಿ ಸೇರಿ, ಎಲ್ಲರ ಮಕ್ಕಳೂ ಹೀಗಿದ್ದಾರೆ, ನನ್ನ ಮಗನೊಬ್ಬ ಹಾಗಿಲ್ಲ ಎಂಬ ಭಾವನೆ ಹುಟ್ಟುತ್ತದೆ. ನೀವು ಕಾಣದ ಉಳಿದ ಇಪ್ಪತ್ತಮೂರು ಗಂಟೆಗಳಲ್ಲಿ ಆ ಮಕ್ಕಳೂ ಅಳುತ್ತಾರೆ, ಉಗುಳುತ್ತಾರೆ, ತಟ್ಟೆ ಎಸೆಯುತ್ತಾರೆ.

ಮಾಂಟೆಸರಿ ಆಟಿಕೆಗಳು ಮತ್ತು ಮರದ ಕಪಾಟು ಕೊಳ್ಳಬೇಕೇ, ಅದರಿಂದ ಅವನು ಕೂರುತ್ತಾನೆಯೇ ಎಂದೂ ಕೇಳಿದ್ದೀರಿ. ಈ ಪದ್ಧತಿಯನ್ನು ರೂಪಿಸಿದ ಇಟಲಿಯ ವೈದ್ಯೆ ಮರಿಯಾ ಮಾಂಟೆಸರಿ 1907ರ ಜನವರಿಯಲ್ಲಿ ತಮ್ಮ ಮೊದಲ ಶಿಶುಶಾಲೆಯನ್ನು ತೆರೆದದ್ದು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡ ಬಡಾವಣೆಯಲ್ಲಿ, ದುಡಿಯಲು ಹೋಗುವ ತಾಯಿ ತಂದೆಯರ ಮಕ್ಕಳಿಗಾಗಿ. ಅವರ ಪದ್ಧತಿಯಲ್ಲಿ ಗುಡಿಸುವುದು, ಒರೆಸುವುದು, ಕೈ ತೊಳೆದುಕೊಳ್ಳುವುದು, ವಸ್ತುಗಳನ್ನು ಹೊತ್ತು ತಂದು ಜಾಗದಲ್ಲಿಡುವುದು ಮುಂತಾದ ನಿತ್ಯದ ಕೆಲಸಗಳಿಗೆ ದೊಡ್ಡ ಸ್ಥಾನವಿತ್ತು. ಹೀಗಿರುವಾಗ, ಬೆಲೆಬಾಳುವ ಕಪಾಟನ್ನು ಕೊಳ್ಳಲಾಗದ ತಾಯಿ ಹಿಂದೆ ಬಿದ್ದಳು ಎಂಬ ಚಿಂತೆಗೆ ಆಧಾರವೇ ಇಲ್ಲ. ನಿಮ್ಮ ಮಗನ ಕೈಗೆ ಚಿಕ್ಕ ಪೊರಕೆ ಕೊಡಿ, ಒಣಗಿದ ಬಟ್ಟೆಯನ್ನು ಒಂದೊಂದಾಗಿ ಕೋಣೆಗೆ ಹೊತ್ತು ಹಾಕಲು ಹೇಳಿ, ಖಾಲಿ ತೆಂಗಿನ ಚಿಪ್ಪುಗಳನ್ನು ಬುಟ್ಟಿಗೆ ತುಂಬಿಸಿ ಇನ್ನೊಂದು ಮೂಲೆಗೆ ಸಾಗಿಸುವ ಕೆಲಸ ಕೊಡಿ. ಭಾರ ಹೊರುವ, ಎಳೆಯುವ, ತಳ್ಳುವ ಕೆಲಸದಲ್ಲಿ ನನ್ನ ಮಗಳು ಯಾವ ಆಟಿಕೆಯಲ್ಲೂ ತೊಡಗದಷ್ಟು ಹೊತ್ತು ತೊಡಗುತ್ತಾಳೆ.

ದಿನಚರಿಯಲ್ಲಿ ನಮಗೆ ಹೆಚ್ಚು ಪ್ರಯೋಜನವಾದದ್ದು ಬೆಳಗಿನ ಓಟವನ್ನು ಎಲ್ಲಕ್ಕಿಂತ ಮೊದಲಿಗೆ ಇಟ್ಟುಕೊಂಡದ್ದು. ತಿಂಡಿಗೂ ಮುಂಚೆ ನಾನೋ ಅವಳ ಅಪ್ಪನೋ ಅವಳನ್ನು ಟ್ಯಾಗೋರ್ ಕಡಲತೀರಕ್ಕೆ ಕರೆದೊಯ್ಯುತ್ತೇವೆ. ಮರಳಿನಲ್ಲಿ ನಡೆಯಲು ಗಟ್ಟಿ ನೆಲಕ್ಕಿಂತ ಹೆಚ್ಚು ಶ್ರಮ ಬೇಕಾಗುವುದರಿಂದಲೂ, ಬಿದ್ದರೆ ಪೆಟ್ಟಾಗದ ಕಾರಣ ‘ಬೇಡ, ಬೇಡ’ ಎಂದು ಕೂಗಬೇಕಾದ ಪ್ರಸಂಗ ಕಡಿಮೆಯಾಗುವುದರಿಂದಲೂ ಮಗು ಮತ್ತು ದೊಡ್ಡವರು ಇಬ್ಬರಿಗೂ ಅದು ಹಿತವಾಗಿದೆ. ಅಲ್ಲಿಂದ ಬಂದ ಮೇಲೆ ಅವಳು ತಟ್ಟೆಯ ಮುಂದೆ ಕೂರುತ್ತಾಳೆ. ಎದ್ದ ಕೂಡಲೇ ಕೂರಿಸಿದರೆ ಕೂರುವುದಿಲ್ಲ. ಮಳೆಗಾಲ ಮಾತ್ರ ನಮ್ಮ ಕರಾವಳಿಯಲ್ಲಿ ನಿಜಕ್ಕೂ ಕಷ್ಟ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಡಲಿನ ಹತ್ತಿರ ಹೋಗುವ ಹಾಗಿಲ್ಲ, ಬಿಡದೆ ಸುರಿಯುವ ದಿನಗಳಲ್ಲಿ ಬಾಗಿಲಾಚೆ ಕಾಲಿಡುವುದೂ ಸುಲಭವಲ್ಲ. ಆ ತಿಂಗಳುಗಳಲ್ಲಿ ನಾವು ಹಳೆಯ ಹಾಸಿಗೆಯನ್ನು ನೆಲಕ್ಕೆ ಹಾಕಿ ಅದರ ಮೇಲೆ ಕುಪ್ಪಳಿಸಲು ಬಿಡುತ್ತೇವೆ, ಕೆಳಮನೆಯವರೊಡನೆ ಮಾತಾಡಿ ಅದಕ್ಕೊಂದು ಹೊತ್ತು ಗೊತ್ತು ಮಾಡಿಕೊಂಡಿದ್ದೇವೆ, ಮಳೆ ಹನಿಯುವಷ್ಟಕ್ಕೆ ಇಳಿದಾಗ ರೇನ್‌ಕೋಟು ತೊಡಿಸಿ ಓಣಿಯಲ್ಲಿ ಒಂದು ಸುತ್ತು ನಡೆಸುತ್ತೇವೆ. ಕೈಗೆ ಫೋನು ಕೊಟ್ಟು ಕೂರಿಸುವ ಆಸೆ ಆಗಲೇ ಹೆಚ್ಚು ಬರುವುದು. ಎರಡು ವರ್ಷದ ಮಗುವಿಗೆ ಪರದೆಯ ಹೊತ್ತು ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ನಾನು ಮೇಲೆ ಹೇಳಿದ ಮಾರ್ಗಸೂಚಿಯೇ ಹೇಳುತ್ತದೆ.

ಬೆಲ್ಲ, ಸಕ್ಕರೆ ನಿಲ್ಲಿಸಿದರೆ ಓಟ ಕಡಿಮೆಯಾಗುತ್ತದೆ ಎಂದು ನಿಮ್ಮ ಅತ್ತೆ ಹೇಳಿದ್ದಾರಂತೆ. ಹಲವು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ 1995ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಸಕ್ಕರೆಯಿಂದ ಮಕ್ಕಳ ವರ್ತನೆ ಬದಲಾಗುವುದು ಕಂಡುಬಂದಿಲ್ಲ. ಹಲ್ಲಿನ ಸಲುವಾಗಿ ಸಕ್ಕರೆ ಕಡಿಮೆ ಮಾಡುವುದು ಒಳ್ಳೆಯದೇ, ಓಟದ ಸಲುವಾಗಿ ಬೇಕಿಲ್ಲ.

ಒಂದು ವಿಷಯದಲ್ಲಿ ಮಾತ್ರ ಓಡುವ ಮಗುವಿನ ತಾಯಿ ಇತರರಿಗಿಂತ ಹೆಚ್ಚು ಎಚ್ಚರವಾಗಿರಬೇಕು, ಆ ಸುಂದರ ವಿಡಿಯೋಗಳಲ್ಲಿ ನಾನು ಇದರ ಪ್ರಸ್ತಾಪವನ್ನೇ ಕಂಡಿಲ್ಲ. ಜಗತ್ತಿನಾದ್ಯಂತ ನೀರಿನಲ್ಲಿ ಮುಳುಗಿ ಸಾಯುವ ಪ್ರಮಾಣ ಅತಿ ಹೆಚ್ಚಿರುವುದು ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ. ನಮ್ಮ ಜಿಲ್ಲೆಯಲ್ಲಿ ಕಡಲು, ಹೊಳೆ, ತೋಟದ ಕೆರೆ, ಹಿತ್ತಿಲ ಬಾವಿ ಎಲ್ಲವೂ ಮನೆಯ ಹತ್ತಿರವೇ ಇವೆ. ಇಷ್ಟು ಚಿಕ್ಕ ಮಗು ಬಚ್ಚಲಿನ ತುಂಬಿದ ಬಕೆಟ್ಟಿಗೆ ತಲೆಕೆಳಗಾಗಿ ಬಿದ್ದರೂ ಮೇಲೇಳಲಾರದು, ಕೂಗಲೂ ಆಗುವುದಿಲ್ಲ. ಬಕೆಟ್ಟು ಖಾಲಿ ಮಾಡಿ ಬೋರಲು ಹಾಕುವುದು, ಬಚ್ಚಲ ಬಾಗಿಲಿಗೆ ಮೇಲುಗಡೆ ಚಿಲಕ ಹಾಕಿಸುವುದು, ಊರಿಗೆ ಹೋದಾಗ ಬಾವಿಗೆ ಕಟ್ಟೆ ಮತ್ತು ಮುಚ್ಚಳ ಇದೆಯೇ ಎಂದು ಮೊದಲು ನೋಡುವುದು, ಮಗುವಿನ ಮೇಲೆ ಕಣ್ಣಿಡುವವರು ಇಂಥವರೇ ಎಂದು ಆ ಹೊತ್ತಿಗೆ ಒಬ್ಬರ ಹೆಸರು ಹೇಳಿ ಒಪ್ಪಿಸುವುದು, ಇವುಗಳನ್ನು ದಯವಿಟ್ಟು ಮಾಡಿ. ನಿಮ್ಮ ಆತಂಕಕ್ಕೆ ನಿಜವಾಗಿ ಅರ್ಹವಾದ ವಿಷಯ ಇದು.

ದನಿ ಏರಿಸದ ತಾಯಂದಿರ ಬಗ್ಗೆ ಹೇಳುವುದಾದರೆ, ಶಾಂತವಾಗಿ ಮಾತಾಡುವುದು ಒಳ್ಳೆಯದೆಂಬುದರಲ್ಲಿ ಸಂಶಯವಿಲ್ಲ. ಆದರೆ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ ತಾಯಿ ಮತ್ತು ಹಸುಗೂಸುಗಳ ಮುಖಾಮುಖಿ ಒಡನಾಟವನ್ನು ಕ್ಷಣ ಕ್ಷಣವೂ ಗಮನಿಸಿ ನೋಡಿದಾಗ, ಆರೋಗ್ಯಕರವಾದ ಜೋಡಿಗಳಲ್ಲಿ ಕೂಡ ಇಬ್ಬರ ಭಾವ ಪರಸ್ಪರ ಕೂಡಿ ಬರುವುದು ಸುಮಾರು ಶೇಕಡಾ 30ರಷ್ಟು ಹೊತ್ತು ಮಾತ್ರ ಎಂದು ಕಂಡರು. ಉಳಿದ ಹೊತ್ತಿನಲ್ಲಿ ತಪ್ಪುತ್ತಾ, ಮತ್ತೆ ಸರಿಪಡಿಸಿಕೊಳ್ಳುತ್ತಾ ಹೋಗುವುದೇ ಆ ಸಂಬಂಧದ ಸಹಜ ನಡೆ. ಸಂಜೆ ದಣಿದು ಗದರಿಬಿಟ್ಟರೆ, ಸ್ವಲ್ಪ ಹೊತ್ತಿನ ಮೇಲೆ ಎತ್ತಿಕೊಂಡು ‘ಅಮ್ಮನಿಗೆ ಸಿಟ್ಟು ಬಂದಿತ್ತು, ಈಗ ಹೋಯಿತು’ ಎಂದು ಹೇಳಿದರೆ ಅದು ಅವನಿಗೆ ತಲುಪುತ್ತದೆ.

ವೈದ್ಯರನ್ನು ಯಾವಾಗ ಕಾಣಬೇಕು ಎಂಬುದನ್ನೂ ಸ್ಪಷ್ಟವಾಗಿ ಹೇಳುತ್ತೇನೆ, ಏಕೆಂದರೆ ಸಮಾಧಾನ ಹೇಳುವ ಭರದಲ್ಲಿ ಇದನ್ನು ಬಿಟ್ಟುಬಿಡುವವರು ಬಹಳ ಜನ. ಹೆಸರು ಹಿಡಿದು ಕರೆದರೆ ಮಗು ತಿರುಗಿ ನೋಡದಿದ್ದರೆ, ಬೇಕಾದದ್ದನ್ನು ಬೆರಳು ಮಾಡಿ ತೋರಿಸದಿದ್ದರೆ, ಎರಡು ವರ್ಷ ತುಂಬಿದರೂ ‘ನೀರು ಕೊಡು’ ಎಂಬಂತಹ ಎರಡು ಪದಗಳ ಮಾತು ಬಾರದಿದ್ದರೆ, ಅಥವಾ ಒಮ್ಮೆ ಬಂದಿದ್ದ ಮಾತು, ಆಟ, ನಗು ಹಿಂದಕ್ಕೆ ಹೋಗಿದ್ದರೆ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ನಿಮ್ಮ ಮಗ ಮಾತಾಡುತ್ತಾನೆ, ನಿಮ್ಮ ಮುಖ ನೋಡಿ ನಗುತ್ತಾನೆ, ಇಷ್ಟದ ಪುಸ್ತಕವನ್ನು ನಿಮ್ಮ ಬಳಿ ತಂದು ಕೊಡುತ್ತಾನೆ ಎಂದು ಬರೆದಿದ್ದೀರಿ, ಇವೆಲ್ಲ ಒಳ್ಳೆಯ ಲಕ್ಷಣಗಳು. ಗೂಗಲ್‌ನಲ್ಲಿ ಹುಡುಕಿ ನೀವು ಹೆದರಿರುವ ಎಡಿಎಚ್‌ಡಿಯ, ಅಂದರೆ ಗಮನ ನಿಲ್ಲದ, ಅತಿಯಾಗಿ ಚಟುವಟಿಕೆಯಿಂದಿರುವ ತೊಂದರೆಯ, ವಿಷಯಕ್ಕೆ ಬಂದರೆ, ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಮಾರ್ಗಸೂಚಿ ಅದರ ತಪಾಸಣೆಯನ್ನು ನಾಲ್ಕು ವರ್ಷದ ನಂತರಕ್ಕೆ ಇಟ್ಟಿದೆ. ಎರಡು ವರ್ಷದ ಓಟವನ್ನು ನೋಡಿ ಆ ಹೆಸರು ಇಡಲಾಗದು. ಮನಸ್ಸಿಗೆ ನೆಮ್ಮದಿ ಬೇಕಿದ್ದರೆ ಅಂಗನವಾಡಿಯಲ್ಲಿ ವಿಚಾರಿಸಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ ಉಚಿತವಾಗಿ ತಪಾಸಣೆ ಮಾಡುವ ವ್ಯವಸ್ಥೆ ಇದೆ, ಬೆಳವಣಿಗೆಯ ವಿಳಂಬವನ್ನೂ ಅದರಲ್ಲಿ ನೋಡುತ್ತಾರೆ.

ವಿಡಿಯೋ ನೋಡುವುದನ್ನು ಪೂರ್ತಿ ಬಿಡಬೇಕೇ ಎಂಬುದು ನಿಮ್ಮ ಕೊನೆಯ ಪ್ರಶ್ನೆ. ನಾನು ಬಿಟ್ಟಿಲ್ಲ. ಮಗುವಿಗೆ ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ಏನು ಮಾಡಬೇಕು ಎಂಬುದನ್ನು ವೈದ್ಯರು ತೋರಿಸಿಕೊಡುವ, ಮಳೆಗಾಲದಲ್ಲಿ ಮನೆಯೊಳಗೆ ಆಡುವ ಆಟ ಹೇಳಿಕೊಡುವ ಪುಟಗಳನ್ನು ಇಟ್ಟುಕೊಂಡಿದ್ದೇನೆ. ನೋಡಿ ಮುಗಿಸಿದ ಮೇಲೆ ಮಗಳ ಮೇಲೆ ಸಿಡುಕು ಬರುವಂತೆ ಮಾಡುವ ಪುಟಗಳನ್ನು ಒಂದೊಂದಾಗಿ ತೆಗೆದುಹಾಕಿದ್ದೇನೆ. ಇಂತಹ ವಿಡಿಯೋಗಳನ್ನು ನಿಮ್ಮ ನಾದಿನಿಯೂ ಕಳಿಸುತ್ತಾರೆಂದು ಬರೆದಿದ್ದೀರಿ, ಅವುಗಳ ಬಗ್ಗೆ ಅವರಿಗೇ ನೇರವಾಗಿ ಹೇಳಿ, ‘ಇವನ್ನು ನೋಡಿದರೆ ನನಗೆ ಸಂಕಟವಾಗುತ್ತದೆ, ಕಳಿಸಬೇಡಿ, ಅದರ ಬದಲು ಭಾನುವಾರ ಬಂದು ಒಂದೆರಡು ಗಂಟೆ ಅವನನ್ನು ಕಡಲತೀರಕ್ಕೆ ಕರೆದುಕೊಂಡು ಹೋಗಿ’ ಎಂದು. ನಿಮಗೆ ಬೇಕಾಗಿರುವುದು ಆ ಎರಡು ಗಂಟೆಗಳ ಬಿಡುವು, ಅದನ್ನು ಬಾಯಿಬಿಟ್ಟು ಕೇಳಲು ಸಂಕೋಚಪಡಬೇಡಿ.