ರಾತ್ರಿ ಬ್ಲೋವರ್ ನಿಲ್ಲಿಸಬಹುದಾ?

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಎಂಬಿಬಿಆರ್ ಮಾದರಿಯದು, ಅಂದರೆ ಟ್ಯಾಂಕಿನಲ್ಲಿ ತೇಲಾಡುವ ಸಣ್ಣ ಪ್ಲಾಸ್ಟಿಕ್ ತುಂಡುಗಳ (ಮೀಡಿಯಾ) ಮೇಲೆ ಬ್ಯಾಕ್ಟೀರಿಯಾ ಬೆಳೆದು ಕೊಳೆ ತಿನ್ನುವಂಥದ್ದು. ಕರೆಂಟ್ ಬಿಲ್ ಉಳಿಸೋಣ ಅಂತ ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಟ್ಯಾಂಕಿಗೆ ಗಾಳಿ ಊದುವ ಬ್ಲೋವರ್ ನಿಲ್ಲಿಸುತ್ತಿದ್ದೇವೆ. ಈಗ ಅಲ್ಲಿ ಶುದ್ಧೀಕರಿಸಿ ಟಾಯ್ಲೆಟ್‌ಗೆ ಬಿಡುವ ಫ್ಲಶ್ ನೀರು ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತಿದೆ. ಬ್ಯಾಕ್ಟೀರಿಯಾ ಪ್ಲಾಸ್ಟಿಕ್ ಮೀಡಿಯಾಗೆ ಅಂಟಿಕೊಂಡೇ ಇರುತ್ತವೆ ಅಲ್ವಾ, ಅವಕ್ಕೆ ಅಷ್ಟು ಗಾಳಿ ಯಾಕೆ?
– ಓದುಗರು, ವೈಟ್‌ಫೀಲ್ಡ್, ಬೆಂಗಳೂರು

ಉತ್ತರ: ದಯವಿಟ್ಟು ಇವತ್ತಿನಿಂದಲೇ ನಿಲ್ಲಿಸುವುದನ್ನು ಬಿಡಿ. ಆ ವಾಸನೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲದ್ದು. ಬೇಸ್‌ಮೆಂಟಿನಲ್ಲಿ ದಿನವಿಡೀ ಕೂರುವ ನಿಮ್ಮ ಆಪರೇಟರ್ ಉಸಿರಾಡುವುದೂ ಅದನ್ನೇ. ಅಲ್ಲಿನ ಎಕ್ಸಾಸ್ಟ್ ಫ್ಯಾನ್ ಓಡುತ್ತಿದೆಯಾ ಅಂತ ಮೊದಲು ನೋಡಿ.

ಅಂಟಿಕೊಂಡ ಬ್ಯಾಕ್ಟೀರಿಯಾಗೆ ಗಾಳಿ ಜಾಸ್ತಿಯೇ ಬೇಕು. ಅವು ಮೀಡಿಯಾ ಮೇಲೆ ಕಟ್ಟುವ ಲೋಳೆಪದರದಲ್ಲಿ ಹೊರಗಿನವು ಆಮ್ಲಜನಕವನ್ನು ಮೊದಲು ಹೀರಿಕೊಳ್ಳುತ್ತವೆ. ಒಳಗಿನವಕ್ಕೆ ಸಿಗುವುದು ಮಿಕ್ಕಿದ್ದಷ್ಟೇ. ಮೀಡಿಯಾ ಇಲ್ಲದೆ ಬ್ಯಾಕ್ಟೀರಿಯಾ ನೀರಿನಲ್ಲೇ ತೇಲುವ ಮಾಮೂಲಿ ಆಕ್ಟಿವೇಟೆಡ್ ಸ್ಲಡ್ಜ್ ಟ್ಯಾಂಕಿಗೆ ಲೀಟರಿಗೆ ಸುಮಾರು 2 ಮಿಲಿಗ್ರಾಂ ಕರಗಿದ ಆಮ್ಲಜನಕ ಸಾಕು. ಎಂಬಿಬಿಆರ್‌ನಲ್ಲಿ ಅಮೋನಿಯಾ ಹೋಗಬೇಕಾದರೆ 3 ದಾಟಬೇಕು. ಒಂದು ಕೆಜಿ ಅಮೋನಿಯಾ ಸಾರಜನಕ ನೈಟ್ರೇಟ್ ಆಗುವುದಕ್ಕೇ ಸುಮಾರು 4.6 ಕೆಜಿ ಆಮ್ಲಜನಕ ಬೇಕು. ಗಾಳಿ ಕಮ್ಮಿಯಾದರೆ ಮೊದಲು ಸೊರಗುವುದು ಈ ಕೆಲಸ ಮಾಡುವ ಬ್ಯಾಕ್ಟೀರಿಯಾಗಳೇ.

ಗಾಳಿಗೆ ಇನ್ನೊಂದು ಕೆಲಸವೂ ಇದೆ. ಮೀಡಿಯಾ ನೀರಿಗಿಂತ ತುಸು ಹಗುರ. ಬ್ಲೋವರ್ ನಿಂತರೆ ಅದೆಲ್ಲ ಮೇಲೆ ಬಂದು ಗುಂಪುಗೂಡುತ್ತದೆ. ಗಾಳಿಯಿದ್ದರೆ ಉರುಳಾಡುತ್ತಾ ಒಂದಕ್ಕೊಂದು ಉಜ್ಜಿಕೊಂಡು ಹಳೇ ಲೋಳೆ ಉದುರುತ್ತದೆ.

ಗ್ಲೌಸ್ ಹಾಕಿಕೊಂಡು ಒಂದು ಮೀಡಿಯಾ ಎತ್ತಿ, ಅದರ ಒಳಗೋಡೆ ನೋಡಿ. ತೆಳ್ಳಗೆ, ಕಂದು ಬಣ್ಣದ ಪದರ ಇದ್ದರೆ ಆರೋಗ್ಯವಾಗಿದೆ. ತೂತು ಮುಚ್ಚುವಷ್ಟು ದಪ್ಪಗೆ, ಕಪ್ಪಗಿದ್ದು ನಾತ ಬಂದರೆ ಒಳಗೆ ಗಾಳಿ ಮುಟ್ಟುತ್ತಿಲ್ಲ.

ಬಿಲ್ ಇಳಿಸುವ ನಿಮ್ಮ ಆಸೆ ತಪ್ಪಲ್ಲ. ಎಸ್‌ಟಿಪಿಯಲ್ಲಿ ಕರೆಂಟ್ ಜಾಸ್ತಿ ಎಳೆಯುವುದು ಸಾಮಾನ್ಯವಾಗಿ ಬ್ಲೋವರೇ. ಅದಕ್ಕೆ ವಿಎಫ್‌ಡಿ (ಮೋಟಾರಿನ ವೇಗ ಹೆಚ್ಚುಕಮ್ಮಿ ಮಾಡುವ ಸಾಧನ) ಹಾಕಿಸಿ. ಅಪಾರ್ಟ್‌ಮೆಂಟುಗಳಲ್ಲಿ ಹೆಚ್ಚಾಗಿ ಇರುವ ಟ್ವಿನ್ ಲೋಬ್ (ಎರಡು ರೋಟರ್ ತಿರುಗಿ ಗಾಳಿ ತಳ್ಳುವ) ಬ್ಲೋವರಿನ ವೇಗವನ್ನು ಐದನೇ ಒಂದು ಭಾಗ ಇಳಿಸಿದರೆ ಕರೆಂಟೂ ಹೆಚ್ಚುಕಮ್ಮಿ ಅಷ್ಟೇ ಇಳಿಯುತ್ತದೆ. ರಾತ್ರಿ ಕೊಳಚೆ ಕಮ್ಮಿ ಬರುವಾಗ ಹೀಗೆ ಓಡಿಸಬಹುದು. ಆದರೆ ಟ್ಯಾಂಕಿನ ಯಾವ ಮೂಲೆಯಲ್ಲೂ ಮೀಡಿಯಾ ಉರುಳುವುದು ನಿಲ್ಲಬಾರದು.

ಅದಕ್ಕೂ ಮುಂಚೆ ಕರಗಿದ ಆಮ್ಲಜನಕ ಅಳೆಯುವ ಒಂದು ಡಿಒ ಮೀಟರ್ ತಂದು, ಬೆಳಗಿನ ಸ್ನಾನದ ನೀರೆಲ್ಲ ಬರುವ ಹೊತ್ತಿಗೆ ಅಳೆಯಿರಿ. ಬ್ಲೋವರ್ ಪೂರ್ತಿ ಓಡುತ್ತಿದ್ದರೂ 2ಕ್ಕಿಂತ ಕೆಳಗೆ ತೋರಿಸಿದರೆ ವೇಗ ಇಳಿಸುವ ಮಾತೇ ಬೇಡ. ಬ್ಲೋವರಿನ ಏರ್ ಫಿಲ್ಟರ್ ಬಿಚ್ಚಿ ನೋಡಿ, ಟ್ಯಾಂಕಿನ ತಳದಲ್ಲಿ ಗಾಳಿಯನ್ನು ಗುಳ್ಳೆಯಾಗಿ ಬಿಡುವ ಡಿಫ್ಯೂಸರ್ ಕಟ್ಟಿಕೊಂಡಿದೆಯಾ ಅಂತ ಪರೀಕ್ಷೆ ಮಾಡಿಸಿ.