ಅರವತ್ತು ಮನೆಯ ಕಂಪ್ಯೂಟರ್ ಸೇರಿದರೂ ಮಳೆ ಹೇಳಲಾರವು

ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಎಷ್ಟು ಸಲ ಬಂದಿದೆಯೋ, ಎಣಿಸುವುದನ್ನು ಬಿಟ್ಟಿದ್ದೇನೆ. ಒಮ್ಮೆ ವಿವರವಾಗಿ ಬರೆಯುತ್ತೇನೆ, ಕತ್ತರಿಸಿ ಇಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ 60 ಮನೆಗಳ ಕಂಪ್ಯೂಟರ್‌ಗಳನ್ನು ವೈಫೈನಲ್ಲಿ ಜೋಡಿಸಿ ಬೆಂಗಳೂರಿನ ಮಳೆ ಮುನ್ಸೂಚನೆಯನ್ನು ನಾವೇ ಕೊಡಬಹುದೇ? (ವಿಜಯನಗರದ ಓದುಗರು)

ಉತ್ತರ: ಆಗದು. ಯಂತ್ರಗಳೆಷ್ಟು ಎಂದು ಎಲ್ಲರೂ ಎಣಿಸುತ್ತೀರಿ; ಲೆಕ್ಕ ಎಂಥದ್ದು ಎಂದು ಒಬ್ಬರೂ ಕೇಳುವುದಿಲ್ಲ. ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ನೆನಪಿಸಿಕೊಳ್ಳಿ. ತನ್ನ ಕಟ್ಟು ತಿದ್ದುವ ಮೇಷ್ಟ್ರು ಪಕ್ಕದ ಮೇಜಿನವರನ್ನು ಏನೂ ಕೇಳಬೇಕಿಲ್ಲ. ಅಂಥ ಕೆಲಸವನ್ನು ಊರೂರಿಗೆ ಹಂಚಬಹುದು. 1999ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಿಂದ ಶುರುವಾದ, ಅನ್ಯಗ್ರಹ ಜೀವಿಗಳನ್ನು ಹುಡುಕುವ ಸೆಟಿ ಅಟ್ ಹೋಮ್ ಯೋಜನೆ ಮಾಡಿದ್ದು ಇದನ್ನೇ. ಅರೆಸಿಬೊ ರೇಡಿಯೊ ದೂರದರ್ಶಕ ಹಿಡಿದ ಸಂಕೇತಗಳನ್ನು ತುಂಡರಿಸಿ ಲಕ್ಷಾಂತರ ಮನೆಗಳಿಗೆ ಕಳುಹಿಸಿತು. ಒಂದೇ ತುಂಡನ್ನು ಒಂದಕ್ಕಿಂತ ಹೆಚ್ಚು ಮನೆಗೆ ಕೊಟ್ಟು ಉತ್ತರ ತಾಳೆ ನೋಡುತ್ತಿತ್ತು. ಗುರುತಿಲ್ಲದವರ ಯಂತ್ರವನ್ನು ನಂಬುವುದು ಹೇಗೆ? ಮಾಡಿದ ಕೆಲಸಕ್ಕೆ ಯೋಜನೆ ಕೊಡುತ್ತಿದ್ದ ಅಂಕದಾಸೆಗೆ ಸುಳ್ಳು ಉತ್ತರ ಕಳುಹಿಸಿದವರೂ ಇದ್ದರು.

ಮಳೆಯ ಲೆಕ್ಕ ಹಾಗಲ್ಲ. ಆಕಾಶವನ್ನು ಚೌಕಗಳಾಗಿ ಕತ್ತರಿಸಿದರೂ ಹೆಜ್ಜೆ ಹೆಜ್ಜೆಗೂ ಹೆಬ್ಬಾಳದ ಚೌಕಕ್ಕೆ ಯಲಹಂಕದಲ್ಲಿ ಗಾಳಿ ಏನಾಯಿತೆಂದು ತಿಳಿಯಬೇಕು. ಸೂಪರ್‌ಕಂಪ್ಯೂಟರಿನೊಳಗೆ ಆ ಸುದ್ದಿ ಮುಟ್ಟಲು ಒಂದೆರಡು ಮೈಕ್ರೊಸೆಕೆಂಡು ಸಾಕು. ನಿಮ್ಮ ವೈಫೈಗೆ ಕೆಲವು ಮಿಲಿಸೆಕೆಂಡು ಬೇಕು, ಅಂದರೆ ಸಾವಿರಾರು ಪಟ್ಟು ತಡ. ಯಂತ್ರಗಳು ಲೆಕ್ಕ ಮಾಡುವುದಕ್ಕಿಂತ ಒಂದನ್ನೊಂದು ಕಾಯುವುದೇ ಹೆಚ್ಚಾಗುತ್ತದೆ. ಮೂರನೇ ಮಹಡಿಯ ಹುಡುಗ ಲ್ಯಾಪ್‌ಟಾಪ್ ಮುಚ್ಚಿದರೆ ಉಳಿದ 59ಕ್ಕೂ ರಜೆ. ಭಾರತೀಯ ವಿಜ್ಞಾನ ಸಂಸ್ಥೆಯ ಸೂಪರ್‌ಕಂಪ್ಯೂಟರ್ ಪರಮ್ ಪ್ರವೇಗದ 3.3 ಪೆಟಾಫ್ಲಾಪ್ (ಸೆಕೆಂಡಿಗೆ 33 ಕೋಟಿ ಕೋಟಿ ಲೆಕ್ಕ) ವೇಗ ಕೇಳಿ ಬೆರಗಾಗುತ್ತೀರಲ್ಲ, ಅದರ ಒಳಗಿನ ಜಾಲವನ್ನು ಕಂಡು ಬೆರಗಾಗಿ.

‘ಮನೆ ಕಂಪ್ಯೂಟರಿನಲ್ಲೇ ಹವಾಗುಣ ಲೆಕ್ಕಿಸುವವರಿದ್ದಾರಲ್ಲ’ ಎಂದು ಮತ್ತೊಬ್ಬರು ವಾದಿಸಿದ್ದಾರೆ. ಇದ್ದಾರೆ. ಆಕ್ಸ್‌ಫರ್ಡಿನವರ ಯೋಜನೆಯಲ್ಲಿ ಒಂದೊಂದು ಯಂತ್ರವೂ ಇಡೀ ಮಾದರಿಯನ್ನೇ, ತುಸು ಬೇರೆ ಅಂಕಿಗಳೊಂದಿಗೆ, ಒಂಟಿಯಾಗಿ ಓಡಿಸುತ್ತದೆ. ಅದೂ ಮೌಲ್ಯಮಾಪನದ ಜಾತಿಯೇ. ನಾಳೆ ಕೊಡೆ ಬೇಕೇ ಎಂದು ಅದು ಹೇಳುವುದಿಲ್ಲ.

ಹುರುಪಿದ್ದರೆ ಇಂಥ ಹಂಚಿದ ಕೆಲಸವನ್ನು ಮನೆ ಯಂತ್ರಕ್ಕೆ ತರುವ ಬಾಯಿಂಕ್ ತಂತ್ರಾಂಶ ಹಾಕಿಕೊಂಡು, ನ್ಯೂಟ್ರಾನ್ ನಕ್ಷತ್ರಗಳನ್ನು ಹುಡುಕುವ ಐನ್‌ಸ್ಟೈನ್ ಅಟ್ ಹೋಮ್ ಯೋಜನೆ ಸೇರಿ. ಆದರೆ 100 ವಾಟ್ ಯಂತ್ರ ಹಗಲೂ ರಾತ್ರಿ ಓಡಿದರೆ ತಿಂಗಳಿಗೆ 72 ಯೂನಿಟ್. ಗೃಹಜ್ಯೋತಿಯವರು 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಕಚೇರಿಯ ಲ್ಯಾಪ್‌ಟಾಪನ್ನಂತೂ ಮುಟ್ಟಲೇಬೇಡಿ. ಹಾಸಿಗೆಯ ಮೇಲಿಟ್ಟು ರಾತ್ರಿಯಿಡೀ ಓಡಿಸಬೇಡಿ; ಹಾಗೆ ಮಾಡಿ ಬ್ಯಾಟರಿ ಉಬ್ಬಿಸಿಕೊಂಡವನ ಮಾತಿದು.

ಪ್ರಶ್ನೆ: ಐದು ಸಾವಿರ ನೋಂದಣಿ ಶುಲ್ಕ ಕಟ್ಟಿ ಕಂಪ್ಯೂಟರ್ ಬಿಟ್ಟುಕೊಟ್ಟರೆ ತಿಂಗಳಿಗೆ ಇಪ್ಪತ್ತು ಸಾವಿರ ಬರುತ್ತದಂತೆ?

ಉತ್ತರ: ನಾನು ಹೇಳಿದ ಯೋಜನೆಗಳು ನಿಮ್ಮಿಂದ ಶುಲ್ಕ ಕೇಳುವುದಿಲ್ಲ, ನಿಮಗೆ ಸಂಬಳ ಕೊಡುವುದೂ ಇಲ್ಲ. ಹಾಗೆ ಶುಲ್ಕ ಕೇಳಿದವನು ಕಳ್ಳ. ಕಟ್ಟಿಯಾಗಿದ್ದರೆ ಇವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ಸೆಟಿಗೆ ಅನ್ಯಗ್ರಹ ಜೀವಿ ಸಿಕ್ಕಿತೇ?

ಉತ್ತರ: ಇಲ್ಲ. 2020ರ ಮಾರ್ಚ್‌ನಲ್ಲಿ ಹೊಸ ಕೆಲಸ ಹಂಚುವುದನ್ನೂ ನಿಲ್ಲಿಸಿದರು.

ಪ್ರಶ್ನೆ: ಅಟ್ಟದಲ್ಲಿರುವ ಹಳೆಯ ಪೆಂಟಿಯಂ ಯಂತ್ರವನ್ನು ಸೇರಿಸಬಹುದೇ?

ಉತ್ತರ: ಇ-ತ್ಯಾಜ್ಯ ಸಂಗ್ರಹದವರಿಗೆ ಕೊಡಿ.